ಜುಮಾನಾಳ ದವಡೆ ಹಲ್ಲು

ಮಗುವಿನ ಹಲ್ಲು ತೋರಿಸಲು ಬರುವವರು ಮಗುವನ್ನೂ ಜೊತೆಗೆ ಕರೆತರುವುದು ಲೋಕರೂಢಿ. ಐವರ್ನಾಡಿನ ಫಾರಿಸ್ ಒಬ್ಬನೇ ಬಂದಿದ್ದ. ಸುಳ್ಯದಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲಿದ್ದ ಆ ಚಿಕ್ಕ ಕ್ಲಿನಿಕ್ಕಿನಲ್ಲಿ ಅವನ ಸರದಿ ಬಂದಾಗ ಡಾಕ್ಟರ್ ಸುಪ್ರಿತಾ ಉದ್ದ ಕುರ್ಚಿಯನ್ನು ತೋರಿಸಿ, "ಎಂತ ಆಗ್ತಾ ಉಂಟು?" ಎಂದು ಕೇಳಿದರು.

"ನನಗೆ ಎಂತ ಇಲ್ಲ ಡಾಕ್ಟ್ರೆ. ಮಗಳಿಗೆ. ನಾಲ್ಕೂವರೆ ವರ್ಷ."

"ಮಗಳು ಎಲ್ಲಿ?"

"ಮನೆಯಲ್ಲಿ. ಮೊದಲು ನಾನು ಕೇಳಿಕೊಂಡು ಹೋಗುವ ಅಂತ ಬಂದದ್ದು."

ಅವನು ಮಕ್ಕಳ ಡಾಕ್ಟರ್ ಕೊಟ್ಟ ಚೀಟಿಯನ್ನೂ ಮೊಬೈಲಿನಲ್ಲಿದ್ದ ಒಂದು ಫೋಟೋವನ್ನೂ ಮುಂದಿಟ್ಟ. ಕೆಳಗಿನ ಸಾಲಿನ ದವಡೆ ಹಲ್ಲೊಂದು ಕಪ್ಪಾಗಿ ಕುಳಿ ಬಿದ್ದಿತ್ತು. ಎರಡು ವಾರದ ಹಿಂದೆ ಜುಮಾನಾಳ ಕೆನ್ನೆ ಊದಿ, ಜ್ವರ ಬಂದು, ಮಕ್ಕಳ ಡಾಕ್ಟರ್ ಸಿರಪ್ ಕೊಟ್ಟು ಊತ ಇಳಿಸಿದ್ದರು. ಇನ್ನೊಮ್ಮೆ ಊದುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕೆಂದು ಹೇಳಿ ಕಳಿಸಿದ್ದರು. ಸುಪ್ರಿತಾ ಫೋಟೋ ದೊಡ್ಡದು ಮಾಡಿ ನೋಡಿದರು. ಬಾಯಿ ನೋಡದೆ ಖಂಡಿತ ಹೇಳುವಂತಿಲ್ಲ, ಆದರೆ ತೆಗೆಯಬೇಕಾದೀತು ಎಂದರು.

"ತೆಗೆಯುದು ಹೇಗೆ? ಮೊದಲು ಎಂತ ಮಾಡ್ತೀರಿ, ಆಮೇಲೆ ಎಂತ? ಒಂದೊಂದೇ ಹೇಳ್ತೀರಾ?"

ಡಾಕ್ಟರಿಗೆ ನಗು ಬಂತು. "ಎಂತ ಮಾರಾಯ್ರೆ, ನೀವು ಕೆಲಸ ಕಲೀಲಿಕ್ಕೆ ಬಂದದ್ದಾ?"

"ಅಲ್ಲ. ಮಗಳಿಗೆ ಹೇಳ್ಬೇಕು."

"ಅದನ್ನೆಲ್ಲ ಮಗುವಿಗೆ ಹೇಳುದಾ? ಹೇಳಿದ್ರೆ ಮತ್ತೆ ಅವಳು ಬಾಯಿ ತೆಗೀಲಿಕ್ಕೆ ಉಂಟಾ? ಸೂಜಿ ನಾನು ಹಿಂದೆ ಹಿಡ್ಕೊಳ್ತೇನೆ. ನೀವು ಮೊಬೈಲಲ್ಲಿ ಎಂತಾದ್ರೂ ತೋರಿಸಿ. ಅವಳು ಅದನ್ನು ನೋಡುವಾಗ ನನ್ನ ಕೆಲಸ ಆಗಿರ್ತದೆ."

"ಮೊಬೈಲ್ ಮಾತ್ರ ಬೇಡ ಡಾಕ್ಟ್ರೆ," ಎಂದ ಫಾರಿಸ್. ಅವನ ಧ್ವನಿ ಅವನಿಗೇ ಜೋರಾಗಿ ಕೇಳಿಸಿತು.

ಕಾರಣ ಇತ್ತು. ಅದನ್ನು ಡಾಕ್ಟರ ಮುಂದೆ ಹೇಳಿಕೊಳ್ಳಲು ನಾಚಿಕೆ ಎನಿಸಿತು.

ಫಾರಿಸ್ ಶಾರ್ಜಾದ ಒಂದು ಸೂಪರ್ ಮಾರ್ಕೆಟ್ಟಿನ ಗೋದಾಮಿನಲ್ಲಿ ಕೆಲಸಕ್ಕಿರುವವನು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮಗಳು ಹುಟ್ಟಿದಾಗ ಅವನು ಅಲ್ಲಿದ್ದ, ನಡೆಯಲು ಕಲಿತಾಗ ಅಲ್ಲಿದ್ದ. ಅವಳ ಕಿವಿ ಚುಚ್ಚಿಸಿದಾಗಲೂ ಅಲ್ಲೇ ಇದ್ದ, ಆದರೆ ವೀಡಿಯೋ ಕಾಲಿನಲ್ಲಿ ಇಲ್ಲಿಗೂ ಬಂದಿದ್ದ. ಮಗುವಿಗೆ ಆಗ ಮೂರು ವರ್ಷ. ಚಿನ್ನದಂಗಡಿಯಲ್ಲಿ ಅವಳು ಕೈಕಾಲು ಬಡಿಯತೊಡಗಿದಾಗ ಅವನ ಉಮ್ಮ ನೆಬೀಸಳಿಗೆ ಒಂದು ಉಪಾಯ ಹೊಳೆಯಿತು. ಮಗನಿಗೆ ಫೋನ್ ಹಚ್ಚಿ, ಅದನ್ನು ಮೊಮ್ಮಗಳ ಮುಖದ ಮುಂದೆ ಹಿಡಿದಳು. "ನೋಡು ಮೋಳೇ, ಉಪ್ಪ ಕರೀತಾ ಇದ್ದಾನೆ." ಫಾರಿಸ್ ಆ ಕಡೆಯಿಂದ ಚಪ್ಪಾಳೆ ತಟ್ಟಿದ, ಬೆಕ್ಕಿನ ಹಾಗೆ ಕೂಗಿದ, "ಇಲ್ಲಿ ನೋಡು, ಇಲ್ಲಿ ನೋಡು" ಎಂದ. ಮಗು ಎಲ್ಲ ಮರೆತು ನಕ್ಕಿತು. ಅಷ್ಟರಲ್ಲಿ ಕಿವಿಗೆ ಚುಚ್ಚಿದರು. ಕಿರುಚಾಟ ಕೇಳಿ ಶಾರ್ಜಾದಲ್ಲಿ ಅವನೂ ನಕ್ಕ, ಇಲ್ಲಿ ಇವರೂ ನಕ್ಕರು. ಕೆಲಸ ಚೊಕ್ಕವಾಗಿ ಮುಗಿಯಿತೆಂದು ಎಲ್ಲರಿಗೂ ಸಮಾಧಾನ. ಮಕ್ಕಳಿಗೆ ಮೋಸ ಮಾಡುವ ವಿಷಯದಲ್ಲಿ ದೊಡ್ಡವರಿಗಿರುವ ಒಗ್ಗಟ್ಟು ಬೇರೆ ಯಾವುದರಲ್ಲೂ ಕಾಣೆ.

ಅಂದಿನಿಂದ ಫೋನಿನಲ್ಲಿ ಉಪ್ಪನ ಮುಖ ಕಂಡರೆ ಜುಮಾನಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ಮನೆಯವರು ತಮಾಷೆ ಎಂದುಕೊಂಡು ನೆಂಟರ ಮುಂದೆಲ್ಲ ಮಾಡಿಸಿದರು. ಆದರೆ ಅವಳು ಫೋನಿನ ಮುಂದೆ ಕೂರಲೂ ಒಲ್ಲೆ ಎಂದಾಗ ಅಜ್ಜಿ ಇನ್ನೊಂದು ಉಪಾಯ ಕಂಡುಕೊಂಡಳು. ಮಿಠಾಯಿ. ಫಾರಿಸ್ ಊರಿಗೆ ಹೊರಟವರನ್ನು ಯಾರನ್ನೂ ಬರಿಗೈಯಲ್ಲಿ ಬಿಟ್ಟವನಲ್ಲ. ಪುತ್ತೂರಿನವರಿರಲಿ, ಕಡಬದವರಿರಲಿ, ಅವರ ಪೆಟ್ಟಿಗೆಯ ಮೂಲೆಯಲ್ಲಿ ಇವನ ಮಗಳ ಪಾಲಿನ ಎರಡು ಕಿಲೋ ಚಾಕಲೇಟು ಇರಲೇಬೇಕು. ಅವನಿಗೆ ಮಧ್ಯಾಹ್ನದ ಬಿಡುವಾದಾಗ ಇಲ್ಲಿ ಎರಡೂವರೆ ಗಂಟೆ, ಮಗು ಮಲಗುವ ಹೊತ್ತು. "ಉಪ್ಪನ ಮಿಠಾಯಿ" ಬಾಯಿಗೆ ಹಾಕಿದರೆ ಮಗು ಫೋನಿನ ಮುಂದೆ ಕೂರುತ್ತದೆ, ಅದನ್ನು ಚೀಪುತ್ತಾ ಹಾಗೇ ನಿದ್ದೆ ಹೋಗುತ್ತದೆ. ನೋಡಿ ಅವನಿಗೆ ಕಣ್ಣು ತುಂಬುತ್ತಿತ್ತು. ಮಗಳು ತನ್ನ ಮುಖ ನೋಡುತ್ತಾ ಮಲಗುತ್ತಾಳಲ್ಲ ಎಂದು.

ಬಾಯಲ್ಲಿ ಸಿಹಿ ಇಟ್ಟುಕೊಂಡು ಮಲಗುವ ಅಭ್ಯಾಸ ಉಂಟಾ ಎಂದು ಮಕ್ಕಳ ಡಾಕ್ಟರ್ ಕೇಳಿ, ಮನೆಯವರು ಬಾಯಿಬಿಟ್ಟಾಗಲೇ ಇಡೀ ಕಥೆ ಅವನಿಗೆ ತಿಳಿದದ್ದು. ಮಿಠಾಯಿಯದೂ, ಕಿವಿ ಮುಚ್ಚಿಕೊಳ್ಳುವುದರದ್ದೂ. ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಮಾಡಿದವರು ಇವನ ಮನೆಯ ಮಿಠಾಯಿ ತುಂಬಿದ ಫ್ರಿಜ್ಜನ್ನು ನೋಡಿಯೇ ಮಾಡಿರಬೇಕು.

ಸುಪ್ರಿತಾ ತಲೆ ಅಲ್ಲಾಡಿಸಿ, ಆದದ್ದಾಗಲಿ ಎಂದು ಒಂದೊಂದಾಗಿ ಹೇಳಿದರು. ಮೊದಲು ಕನ್ನಡಿ ಇಟ್ಟು ನೋಡುವುದು. ಆಮೇಲೆ ವಸಡಿಗೆ ಜೆಲ್ ಹಚ್ಚುವುದು. ಮತ್ತೆ ಸೂಜಿ, ಒಂದೇ ಅಲ್ಲ, ಎರಡು ಸಲ, ಎರಡನೆಯದಕ್ಕೆ ಮೊದಲಿನಷ್ಟು ನೋವಿಲ್ಲ. ಬಾಯಿ ಜೋಮು ಹಿಡಿದ ಮೇಲೆ ಇಕ್ಕಳದಲ್ಲಿ ಹಲ್ಲು ತೆಗೆಯುವುದು, ಆಗ ನೋವಿಲ್ಲ, ಒತ್ತಿದ ಹಾಗೆ ಆಗುತ್ತದೆ ಅಷ್ಟೇ. ಕೊನೆಗೆ ಹತ್ತಿ ಕಚ್ಚಿ ಹಿಡಿಯುವುದು. ಫಾರಿಸ್ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ.

"ಗುರುವಾರ ಕರ್ಕೊಂಡು ಬನ್ನಿ," ಎಂದರು ಡಾಕ್ಟರ್.

ಬುಧವಾರ ಬೆಳಗ್ಗೆ ಅವನ ವಿಮಾನ. ಮಂಗಳೂರಿಗೆ ಹೋಗಬೇಕಾದರೆ ನಸುಕಿನಲ್ಲೇ ಮನೆ ಬಿಡಬೇಕು. ಗುರುವಾರ ಎಂದು ಒಪ್ಪಿದ್ದರೆ ಅಳುವ ಮಗುವನ್ನು ಹಿಡಿದುಕೊಳ್ಳುವ ಕೆಲಸ ಹೆಂಡತಿಯದಾಗುತ್ತಿತ್ತು, ಇವನು ಶಾರ್ಜಾದಿಂದ ಫೋನ್ ಮಾಡಿ "ಪಾಪ" ಎಂದರೆ ಸಾಕಿತ್ತು. ಒಂದು ಕ್ಷಣ ಆ ದಾರಿ ಬಹಳ ಸುಲಭವಾಗಿ ಕಂಡಿತು.

"ಮಂಗಳವಾರ ಆಗ್ತದಾ?" ಎಂದು ಕೇಳಿದ.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ನೆಬೀಸ ಎದೆಗೆ ಕೈ ಇಟ್ಟುಕೊಂಡಳು. "ಹೋಗುವ ಮುಂಚಿನ ದಿನ ಮಗುವನ್ನು ಅಳಿಸುದಾ ಮೋನೇ? ಆ ದಿನ ಬಿರಿಯಾನಿ ಮಾಡುವ ಅಂತ ಇದ್ದೆ. ನೀನೇ ಅವಳ ಹಲ್ಲು ಕೀಳಿಸಿದ್ರೆ ಎರಡು ವರ್ಷ ಅವಳಿಗೆ ಅದೇ ನೆನಪಿರುದು, ಗೊತ್ತುಂಟಾ?"

ಅವನಿಗಿದ್ದ ಹೆದರಿಕೆಯೂ ಅದೇ. ಈ ಎರಡು ತಿಂಗಳಲ್ಲಿ ಮಗಳು ಅಲ್ಪಸ್ವಲ್ಪ ಹತ್ತಿರ ಬಂದಿದ್ದಳು. ಅವನ ತಟ್ಟೆಯಿಂದ ಮೀನಿನ ಮುಳ್ಳು ಬಿಡಿಸಿದ ತುಂಡನ್ನು ತಿನ್ನುತ್ತಿದ್ದಳು, ಬೈಕಿನ ಮುಂದೆ ಕೂರುತ್ತಿದ್ದಳು. ಆದರೂ ಅವನು ಏನಾದರೂ ಹೇಳಿದರೆ ನಿಜವೋ ಎಂದು ಮೊದಲು ತಾಯಿಯ ಮುಖ ನೋಡುತ್ತಿದ್ದಳು. ಉಪ್ಪ ಹೇಳಿದ್ದು ನಂಬಬಹುದು ಎಂದು ಅವಳಿಗೆ ಅನಿಸಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಉಳಿದದ್ದೆಲ್ಲ ಕಳಿಸಬಹುದು, ಇದನ್ನು ಪಾರ್ಸೆಲ್ ಮಾಡಲು ಬರುವುದಿಲ್ಲ.

ಅವನ ಹೆಂಡತಿ ಝುಲೈಖಾ ಅಲ್ಲಿಯವರೆಗೆ ಸುಮ್ಮನೆ ಬಟ್ಟೆ ಮಡಚುತ್ತಿದ್ದಳು. "ಗುರುವಾರ ನಾನೇ ಕರ್ಕೊಂಡು ಹೋಗ್ತೇನೆ," ಎಂದಳು. "ನನಗೆ ಅಭ್ಯಾಸ ಉಂಟಲ್ಲ. ಚುಚ್ಚುಮದ್ದಿಗೂ ನಾನೇ, ಅಂಗನವಾಡಿಯಲ್ಲಿ ಅಳುವಾಗ ಬಿಟ್ಟು ಬರ್ಲಿಕ್ಕೂ ನಾನೇ. ಸಿಹಿಗೆ ನೀವು, ಕಹಿಗೆ ನಾನು. ಹಾಗೇ ನಡೀಲಿ."

ಜಗಳದ ಧ್ವನಿಯಲ್ಲಿ ಹೇಳಿದ್ದರೆ ಅವನು ಉತ್ತರ ಕೊಡುತ್ತಿದ್ದ. ಅವಳು ದಿನಸಿ ಪಟ್ಟಿ ಹೇಳುವ ಹಾಗೆ ಹೇಳಿದ್ದಳು. ಅವನಿಗೆ ಅದು ನೇರ ಹೋಗಿ ನಾಟಿತು. "ಮಂಗಳವಾರ ನಾನು ಕರ್ಕೊಂಡು ಹೋಗುದು," ಎಂದ. "ನಾನೇ ಅವಳಿಗೆ ಹೇಳುದು. ಇದ್ದದ್ದನ್ನು ಇದ್ದ ಹಾಗೆ."

ಹೇಳುವುದು ಅಷ್ಟು ಸುಲಭವಿರಲಿಲ್ಲ. ಭಾನುವಾರ ಮನೆಯ ಚಾವಡಿಯಲ್ಲಿ ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕುಳಿತ. ಮಗಳ ಕೈಗೆ ಚಮಚ ಕೊಟ್ಟ. "ಈಗ ನೀನು ಡಾಕ್ಟರ್. ನನ್ನ ಹಲ್ಲು ಎಷ್ಟುಂಟು ನೋಡು." ಜುಮಾನಾಳಿಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತಿತ್ತು. ಇಪ್ಪತ್ತಾದ ಮೇಲೂ ಹಲ್ಲು ಮುಗಿಯದಿದ್ದಾಗ ಪುನಃ ಒಂದರಿಂದ ಶುರು ಮಾಡಿದಳು. ಮೂಲೆಯ ಒಂದು ಕಡೆ ಚಮಚ ನಿಂತಿತು.

"ಇಲ್ಲಿ ಹಲ್ಲಿಲ್ಲ!"

"ಇಲ್ಲ. ತೆಗೆಸಿದ್ದು."

"ಯಾಕೆ?"

"ಹಾಳಾಗಿತ್ತು. ನಿನ್ನ ಒಂದು ಹಲ್ಲು ಉಂಟಲ್ಲ, ಹಾಗೆ. ಅದನ್ನೂ ತೆಗೀಬೇಕು ಮೋಳೇ. ಮಂಗಳವಾರ."

ಮಗು ಚಮಚವನ್ನು ಅವನ ಗಲ್ಲದ ಮೇಲಿಟ್ಟು ಅವನನ್ನೇ ನೋಡಿತು. "ನೋವಾಗ್ತದಾ?"

ಒಳಗಿನಿಂದ ನೆಬೀಸ, "ಇಲ್ಲ ಇಲ್ಲ, ಗೊತ್ತೇ ಆಗುದಿಲ್ಲ!" ಎಂದು ಕೂಗಿ ಹೇಳಿದಳು.

"ಸೂಜಿ ಹಾಕುವಾಗ ನೋವಾಗ್ತದೆ," ಎಂದ ಫಾರಿಸ್. "ಆಮೇಲೆ ಇಲ್ಲ."

"ಎಷ್ಟು ನೋವು? ಕಪ್ಪಿರುವೆಯಷ್ಟಾ, ಕೆಂಪಿರುವೆಯಷ್ಟಾ?"

ಇದಕ್ಕೆ ಡಾಕ್ಟರರ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಕಪ್ಪಿರುವೆ ಎಂದುಬಿಟ್ಟರೆ ಎಲ್ಲರಿಗೂ ಸುಖ. ಅವನು ತನ್ನ ಹಲ್ಲು ತೆಗೆಸಿದ ದಿನವನ್ನು ನೆನಪು ಮಾಡಿಕೊಂಡ. "ಕೆಂಪಿರುವೆಗಿಂತ ಸ್ವಲ್ಪ ಜಾಸ್ತಿ. ಆದ್ರೆ ನೀನು ಹತ್ತು ಎಣಿಸುವಾಗ ಹೋಗ್ತದೆ."

ಜುಮಾನಾ ಚಮಚ ಬಿಸಾಡಿ ತಾಯಿಯ ಹತ್ತಿರ ಓಡಿದಳು. ಅಂದು ಊಟ ಬೇಡವೆಂದಳು. ಮರುದಿನ ಅವನ ಬೈಕಿನಲ್ಲಿ ಕೂರಲಿಲ್ಲ. ನೆಬೀಸ ಮಗನನ್ನು ಕಂಡಾಗಲೆಲ್ಲ, "ದೊಡ್ಡ ಸತ್ಯವಂತ! ಮಾಡಿದ್ದುಣ್ಣೋ ಮಹರಾಯ," ಎಂದು ಗೊಣಗಿದಳು. ಉಳಿದಿರುವ ಮೂರು ದಿನವನ್ನೂ ಕೈಯಾರೆ ಹಾಳು ಮಾಡಿಕೊಂಡೆ ಎಂದು ಫಾರಿಸನಿಗೇ ಅನಿಸಿತು. ಸುಳ್ಳು ಹೇಳಿದ್ದರೆ ಮಂಗಳವಾರದವರೆಗಾದರೂ ಮಗಳು ಮಡಿಲಲ್ಲಿ ಇರುತ್ತಿದ್ದಳು.

ಸೋಮವಾರ ಸಂಜೆ ಅವನು ಹೊಸ ಬಾವಿಹಗ್ಗ ಕಟ್ಟುತ್ತಿದ್ದಾಗ ಅವಳು ದೂರ ನಿಂತು ಕೇಳಿದಳು. "ಸೂಜಿ ಹಾಕುವಾಗ ನೀನು ಎಲ್ಲಿರುದು?"

"ನಿನ್ನ ಕುರ್ಚಿಯ ಹತ್ತಿರವೇ. ಸೂಜಿ ಬರುವಾಗ ನಾನೇ ಹೇಳ್ತೇನೆ. ಹೇಳದೆ ಯಾರೂ ಎಂತದೂ ಮಾಡುದಿಲ್ಲ."

ಅವಳು ತಿರುಗಿ ಒಳಗೆ ಹೋದಳು.

ಮಂಗಳವಾರ ಹತ್ತು ಗಂಟೆಗೆ ನಾಲ್ವರೂ ರಿಕ್ಷಾದಲ್ಲಿ ಸುಳ್ಯಕ್ಕೆ ಬಂದರು. ನೆಬೀಸ ಬರುವ ಅಗತ್ಯವೇನೂ ಇರಲಿಲ್ಲ, ಆದರೆ ಅವಳನ್ನು ಬಿಟ್ಟು ಬರುವ ಧೈರ್ಯ ಯಾರಿಗೂ ಇರಲಿಲ್ಲ. ಕನ್ನಡಿ ಇಟ್ಟು ನೋಡುವಾಗ ಮಗು ಬಾಯಿ ತೆರೆಯಿತು. ಡಾಕ್ಟರ್ ನೋಡಿ, ಒತ್ತಿ, ಆ ಹಲ್ಲು ಉಳಿಯುವುದಿಲ್ಲ ಎಂದರು. ಹೊಸ ಹಲ್ಲು ಯಾವಾಗ ಬರುತ್ತದೆ ಎಂದು ಫಾರಿಸ್ ಕೇಳಿದ್ದಕ್ಕೆ, ಅಲ್ಲಿಯದು ಹತ್ತು ವರ್ಷ ದಾಟುವ ಹೊತ್ತಿಗೆ ಬಂದೀತು ಎಂದು ಹೇಳಿದರು. ಜೆಲ್ ಹಚ್ಚಿದರು. ಪ್ರತಿಯೊಂದಕ್ಕೂ ಮೊದಲು ಫಾರಿಸ್ ಮಗಳಿಗೆ ಹೇಳುತ್ತಿದ್ದ, "ಈಗ ಜೆಲ್, ತಣ್ಣಗೆ ಆಗ್ತದೆ." ಹೇಳಿದ ಹಾಗೆಯೇ ಆಗುತ್ತಿತ್ತು. ಮಗು ಅದನ್ನು ಗಮನಿಸುತ್ತಿತ್ತು.

ಸುಪ್ರಿತಾ ಕೈಯನ್ನು ಬೆನ್ನ ಹಿಂದೆ ಮಾಡಿ ಅವನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಮಾತಾಡಿಸುತ್ತಾ ಇರಿ, ಎಂದು.

"ಈಗ ಸೂಜಿ ಮೋಳೇ," ಎಂದ ಫಾರಿಸ್. "ನೋವಾಗ್ತದೆ. ಹತ್ತು ಎಣಿಸು."

ಡಾಕ್ಟರ ಮುಖದಲ್ಲಿ ಸಿಟ್ಟು ಹಾದುಹೋಯಿತು. ಆದರೂ ಕೈ ತಡೆಯಲಿಲ್ಲ. ಜುಮಾನಾ ಮೂರಕ್ಕೇ ಕಿರುಚಿದಳು. ಕಾಲು ಜಾಡಿಸಿದಳು, ತಟ್ಟೆಯೊಂದು ಕೆಳಗೆ ಬಿತ್ತು, ಹೊರಗೆ ಕಾಯುತ್ತಿದ್ದವರ ಮಾತು ನಿಂತಿತು. ಸೂಜಿ ಹೊರಬಂದ ಮೇಲೆ ಎದ್ದು ಕುಳಿತು ಉಪ್ಪನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. "ನೋವಾಯ್ತು! ನೋವಾಯ್ತು!"

"ಹೌದು ಮೋಳೇ. ನೋವಾಯ್ತು."

"ಆಯ್ತು ಪುಟ್ಟಾ, ಮುಗೀತು," ಎಂದರು ಸುಪ್ರಿತಾ. "ಇನ್ನು ಸೂಜಿ ಇಲ್ಲ."

"ಮುಗೀತು ಮೋಳೇ, ಇನ್ನಿಲ್ಲ," ಎಂದಳು ಹಿಂದೆ ನಿಂತಿದ್ದ ನೆಬೀಸ, ಸೆರಗಿನಲ್ಲಿ ತನ್ನ ಕಣ್ಣನ್ನೇ ಒರೆಸಿಕೊಳ್ಳುತ್ತಾ.

ಮಗು ಡಾಕ್ಟರನ್ನು ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ತಾಯಿಯ ಮುಖವನ್ನೂ ಹುಡುಕಲಿಲ್ಲ. ಬಿಕ್ಕುತ್ತಾ ಉಪ್ಪನನ್ನು ಕೇಳಿತು. "ಇನ್ನೂ ಉಂಟಾ?"

ಇಡೀ ಕೋಣೆ ಅವನ ಬಾಯಿಯನ್ನೇ ನೋಡುತ್ತಿತ್ತು. ಒಂದು 'ಇಲ್ಲ' ಸಾಕಿತ್ತು. ಹೇಳಿದರೆ ಮಗು ಮಲಗುತ್ತದೆ, ಡಾಕ್ಟರ್ ಕೆಲಸ ಮುಗಿಸುತ್ತಾರೆ, ಹಲ್ಲು ಹೊರಬರುತ್ತದೆ. ಒಳ್ಳೆಯದಕ್ಕಾಗಿ ಹೇಳಿದ ಸುಳ್ಳಿಗೆ ಪಾಪವಿಲ್ಲವೆಂದು ದೊಡ್ಡವರೇ ಅಲ್ಲವೇ ತೀರ್ಮಾನ ಮಾಡಿದ್ದು.

"ಒಂದು ಉಂಟು," ಎಂದ ಫಾರಿಸ್. "ಈಗ ಜೋಮು ಹಿಡಿದದ್ದರಿಂದ ಮೊದಲಿನಷ್ಟು ನೋವಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ನನಗೆ ಸರಿ ಗೊತ್ತಿಲ್ಲ. ಆದ್ರೆ ಒಂದು ಉಂಟು."

ಜುಮಾನಾ ತುಟಿ ಬಿಗಿದುಕೊಂಡಳು. "ನೋಡಿ, ನಾನು ಹೇಳಿದ್ದೆ," ಎಂದರು ಸುಪ್ರಿತಾ, ಕೈಗವಸು ಸರಿಮಾಡಿಕೊಳ್ಳುತ್ತಾ. "ಯಾ ಅಲ್ಲಾ," ಎಂದಳು ನೆಬೀಸ. ಯಾರೋ ಹೊರಗಿನಿಂದ ಬಾಗಿಲು ತಟ್ಟಿ ಇನ್ನೆಷ್ಟು ಹೊತ್ತೆಂದು ಕೇಳಿದರು. ಫಾರಿಸ್ ಮಗಳ ಅಂಗಾಲನ್ನು ಅಂಗೈಯಲ್ಲಿ ಹಿಡಿದು ನಿಂತ. ಬಾಯಿ ತೆರೆಯದಿದ್ದರೆ ವಾಪಸು ಕರೆದುಕೊಂಡು ಹೋಗುವುದು, ಸೋತೆ ಎಂದು ಒಪ್ಪಿಕೊಳ್ಳುವುದು, ಗುರುವಾರ ಝುಲೈಖಾಳ ಪಾಲಿಗೆ ಬಿಡುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಮಗು ಒಂದು ಬೆರಳು ಎತ್ತಿತು. "ಒಂದೇ?"

"ಒಂದೇ."

ಅವಳು ಹಿಂದಕ್ಕೆ ಒರಗಿ, ಹತ್ತಿರ ಬಾಗಿದ ಉಪ್ಪನ ಅಂಗಿಯ ಕಾಲರನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಯಿ ತೆರೆದಳು. ಸುಪ್ರಿತಾ ಅವನ ಮುಖವನ್ನು ಒಮ್ಮೆ ನೋಡಿದರು. ಈ ಸಲ ಕೈಯನ್ನು ಹಿಂದೆ ಇಟ್ಟುಕೊಳ್ಳಲಿಲ್ಲ. "ಈಗ ಎರಡನೇದು ಹಾಕ್ತೇನೆ ಜುಮಾನಾ," ಎಂದು ತಾವೇ ಹೇಳಿ ಹಾಕಿದರು. ಆಮೇಲೆ ಹಲ್ಲು ತೆಗೆದದ್ದು ಹೇಳುವಂಥ ಕೆಲಸವೇ ಅಲ್ಲ. ಹತ್ತಿ ಕಚ್ಚಿಸಿ ಕಳಿಸುವಾಗ ಅವರು ಮಗುವಿನ ತಲೆ ಸವರಿದರು.

ಮಧ್ಯಾಹ್ನ ಮನೆಯಲ್ಲಿ ಮಂಚದ ಮೇಲೆ ಪೆಟ್ಟಿಗೆ ತೆರೆದಿತ್ತು. ಬಿರಿಯಾನಿಯ ಬದಲು ನೆಬೀಸ ಎಲ್ಲರಿಗೂ ಗಂಜಿ ಮಾಡಿದ್ದಳು. ಈಗ ಮಗನ ಪೆಟ್ಟಿಗೆಗೆ ಹಪ್ಪಳದ ಕಟ್ಟು, ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬಿ ತುರುಕುತ್ತಿದ್ದಳು. ಝುಲೈಖಾ ಅಂಗಿಗಳನ್ನು ಜೋಡಿಸುತ್ತಿದ್ದಳು. ಹತ್ತಿ ಉಗುಳಿ, ಐಸ್‌ಕ್ರೀಮ್ ತಿಂದು ಮುಗಿಸಿದ ಜುಮಾನಾ ಬಂದು ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಒಳಗಿದ್ದದ್ದನ್ನು ಒಂದೊಂದಾಗಿ ನೋಡಿದಳು.

"ಉಪ್ಪ, ನಾಳೆ ನೀನು ಎಲ್ಲಿಗೆ ಹೋಗುದು?"

ಆ ಊರಿನ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ ಇರುವುದು. "ಪೇಟೆಗೆ ಮೋಳೇ," ಎಂದಳು ನೆಬೀಸ, ತಲೆ ಎತ್ತದೆಯೇ. "ಸಂಜೆ ಬರ್ತಾನೆ." ಗಲ್ಫಿಗೆ ಹೋಗುವವರು ಮಕ್ಕಳು ಏಳುವ ಮೊದಲೇ ಹೊರಡುತ್ತಾರೆ. ಎದ್ದ ಮಕ್ಕಳಿಗೆ ಪೇಟೆಗೆ ಹೋಗಿದ್ದಾನೆ ಎನ್ನುತ್ತಾರೆ. ಎರಡು ದಿನ ಕೇಳುತ್ತವೆ, ಮೂರನೇ ದಿನ ಮರೆಯುತ್ತವೆ ಎಂದು ಎಲ್ಲರೂ ನಂಬಿದ್ದಾರೆ. ಫಾರಿಸನ ಉಪ್ಪ ಹೋದದ್ದೂ ಹಾಗೆಯೇ. ಕಳೆದ ಸಲ ಇವನು ಹೋದದ್ದೂ ಹಾಗೆಯೇ. ಆಗ ಎರಡು ವರ್ಷದ ಜುಮಾನಾ ವಾರಗಟ್ಟಲೆ ಸಂಜೆ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದಳೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಈ ಸಲ ನೆರೆಮನೆಯ ಮೈಮೂನಮ್ಮ ಮಾತಿಗೆ ಹೇಳಿಬಿಟ್ಟಿದ್ದಳು.

ಮಗು ಅಜ್ಜಿಯ ಉತ್ತರಕ್ಕೆ ತಿರುಗಿಯೂ ನೋಡಲಿಲ್ಲ. ಬೆಳಗ್ಗೆ ಕ್ಲಿನಿಕ್ಕಿನಲ್ಲಿ ನೋಡಿದ ಹಾಗೆಯೇ ಅವನನ್ನು ನೋಡಿತು.

ಇಷ್ಟು ಬೇಗ ಇದು ತನ್ನ ಬುಡಕ್ಕೇ ಬರುತ್ತದೆಂದು ಫಾರಿಸ್ ಎಣಿಸಿರಲಿಲ್ಲ. ಮಗಳ ನಂಬಿಕೆ ಬೇಕೆಂದು ಆಸೆಪಟ್ಟವನು, ಅದು ಸಿಕ್ಕಿದ ಮೇಲೆ ಏನೆಲ್ಲ ಹೇಳಬೇಕಾಗುತ್ತದೆಂದು ಯೋಚಿಸಿರಲಿಲ್ಲ. ನೆಲದ ಮೇಲೆ ಕುಳಿತು ಅವಳ ಮುಖದ ಮಟ್ಟಕ್ಕೆ ಬಂದ.

"ಶಾರ್ಜಾಕ್ಕೆ. ವಿಮಾನದಲ್ಲಿ."

"ಸಂಜೆ ಬರ್ತೀಯಾ?"

"ಇಲ್ಲ ಮೋಳೇ. ಎರಡು ರಂಝಾನ್ ಕಳೀಬೇಕು."

"ಫಾರಿಸ್!" ಎಂದಳು ನೆಬೀಸ. ಝುಲೈಖಾಳ ಕೈ ಅಂಗಿಯ ಮೇಲೆ ನಿಂತಿತು.

ಜುಮಾನಾ ಊದಿದ ತುಟಿಯನ್ನು ಮುಟ್ಟಿಕೊಂಡಳು. "ಆಗ ನನ್ನ ಹಲ್ಲು ಬಂದಿರ್ತದಾ?"

"ಇಲ್ಲ. ಹಲ್ಲು ಬರ್ಲಿಕ್ಕೆ ಇನ್ನೂ ತಡ ಉಂಟು. ನಾನು ಅದಕ್ಕಿಂತ ಮೊದಲು ಬರ್ತೇನೆ."

ಅವಳು ಅತ್ತಳು. ಕ್ಲಿನಿಕ್ಕಿನ ಅಳುವಿನಂತೆ ಕಿರುಚಲಿಲ್ಲ, ಗುದ್ದಲಿಲ್ಲ, ಅವನ ಕುತ್ತಿಗೆಗೆ ಮುಖ ಒತ್ತಿ ಮೈಯೆಲ್ಲ ನಡುಗುವ ಹಾಗೆ ಅತ್ತಳು. ನೆಬೀಸ ಎದ್ದು ಫ್ರಿಜ್ಜಿನ ಕಡೆಗೆ ಎರಡು ಹೆಜ್ಜೆ ಹೋದವಳು ಅಲ್ಲೇ ನಿಂತಳು. ಫಾರಿಸ್ ಮಗಳನ್ನು ಸುಮ್ಮನಿರು ಎನ್ನಲಿಲ್ಲ. ಅವನಿಗೂ ಅಳು ಬಂದಿತ್ತು, ತಡೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ತಲೆ ಎತ್ತಿದಳು. "ನಾನು ಮಲಗಿರುವಾಗ ಹೋಗ್ಬಾರ್ದು. ನನ್ನನ್ನು ಎಬ್ಬಿಸಿ ಹೇಳಿ ಹೋಗ್ಬೇಕು."

"ಎಬ್ಬಿಸ್ತೇನೆ."

ನಸುಕಿನ ನಾಲ್ಕು ಗಂಟೆಗೆ ಮಗುವನ್ನು ಎಬ್ಬಿಸುವುದಾ ಎಂದು ಯಾರೂ ಕೇಳಲಿಲ್ಲ. ಝುಲೈಖಾ ಅಂಗಿಯನ್ನು ಪಕ್ಕಕ್ಕಿಟ್ಟು, ಕಪಾಟಿನಿಂದ ಮಗಳ ಸ್ವೆಟರ್ ತೆಗೆದು, ಬೆಳಗ್ಗೆ ಕೈಗೆ ಸಿಗುವ ಹಾಗೆ ಬಾಗಿಲ ಪಕ್ಕದ ಕುರ್ಚಿಯ ಮೇಲೆ ಇಟ್ಟಳು.